ವಿಷದ ಹಾವು ಸಾಕಲು ಪರವಾನಗಿ: ಕಾನೂನು ಏನು ಹೇಳುತ್ತದೆ, ಹಾವು ಕೈಯಲ್ಲಿದ್ದರೆ ಏನು ಮಾಡಬೇಕು

ನಾಗರಹಾವು, ಕಾಳಿಂಗ, ಕೊಳಕುಮಂಡಲದಂಥ ನಮ್ಮ ನೆಲದ ವಿಷದ ಹಾವನ್ನು ಮನೆಯಲ್ಲಿ ಸಾಕಲು ಯಾವ ಅರ್ಜಿ ಕೊಡಬೇಕು, ಶುಲ್ಕ ಎಲ್ಲಿ ಕಟ್ಟಬೇಕು ಎಂದು ಕೇಳುವವರು ಶಿರಸಿ, ಕಾರವಾರದ ಕಡೆ ಇದ್ದಾರೆ. ಅವರಲ್ಲಿ ಹಲವರು ಹಾವಿನ ಬಗ್ಗೆ ನಿಜವಾದ ಆಸ್ಥೆಯುಳ್ಳ ಯುವಕರು, ಆದ್ದರಿಂದ ಉತ್ತರವನ್ನು ಸುತ್ತಿ ಬಳಸದೆ ಹೇಳುವುದೇ ಒಳ್ಳೆಯದು. ಖಾಸಗಿ ವ್ಯಕ್ತಿಯೊಬ್ಬ ಅಂಥ ಹಾವನ್ನು ಸಾಕುಪ್ರಾಣಿಯಾಗಿ ಇಟ್ಟುಕೊಳ್ಳಲು ಭಾರತದಲ್ಲಿ ಯಾವ ಪರವಾನಗಿಯೂ ಇಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ವಿಷಯದ ಮೂಲ ಕಾನೂನು. 2022ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಹೊಸ ಅನುಸೂಚಿಗಳು, ಅಂದರೆ ಸಂರಕ್ಷಿತ ಜೀವಿಗಳ ಪಟ್ಟಿಗಳು, ಜಾರಿಯಲ್ಲಿವೆ. ಹಿಂದೆ ಎರಡನೆಯ ಅನುಸೂಚಿಯಲ್ಲಿದ್ದ ನಾಗರಹಾವು, ಕಾಳಿಂಗ, ಕೊಳಕುಮಂಡಲಗಳು ಈಗ ಹುಲಿ, ಆನೆಗಳಿರುವ ಮೊದಲನೆಯ ಅನುಸೂಚಿಗೇ ಸೇರಿವೆ. ಹಳೆಯ ಪುಸ್ತಕವನ್ನೋ ಹಳೆಯ ತರಬೇತಿಯ ಟಿಪ್ಪಣಿಯನ್ನೋ ನೋಡಿ ಶಿಕ್ಷೆ ಹಗುರವೆಂದು ತಿಳಿದವರು ಇದನ್ನು ಗಮನಿಸಬೇಕು. ಕಾಯ್ದೆಯ 9ನೆಯ ಕಲಂ ಬೇಟೆಯನ್ನು ನಿಷೇಧಿಸುತ್ತದೆ. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಬಲೆಗೆ ಕೆಡವುವುದು, ಅದಕ್ಕಾಗಿ ಪ್ರಯತ್ನಿಸುವುದು, ಸರೀಸೃಪಗಳ ಮೊಟ್ಟೆಗೂ ಗೂಡಿಗೂ ಕೈಹಾಕುವುದು ಎಲ್ಲವೂ ಆ ವ್ಯಾಪ್ತಿಯೊಳಗೆ ಬರುತ್ತವೆ. ಬೇಸಿಗೆಯಲ್ಲಿ ಬೆಟ್ಟದಿಂದ ದರಕು (ಒಣಗಿದ ಎಲೆ) ತರಲು ಹೋದವರಿಗೆ ಕಾಳಿಂಗದ ಎಲೆಗೂಡು ಕಾಣಿಸಿದರೆ, ಮೊಟ್ಟೆಗಳನ್ನು ಮನೆಗೆ ತಂದು ಮರಿ ಮಾಡಿಸುತ್ತೇನೆ ಎನ್ನುವುದು ಎಷ್ಟೇ ಸದುದ್ದೇಶದ ಮಾತಾದರೂ ಕಾನೂನಿನ ಕಣ್ಣಿನಲ್ಲಿ ಅಪರಾಧವೇ ಆಗುತ್ತದೆ.

'ನನ್ನ ಮಾಲ್ಕಿ ತೋಟದಲ್ಲಿ ಸಿಕ್ಕ ಹಾವು, ಕಾಡಿನಿಂದ ತಂದದ್ದಲ್ಲ' ಎಂಬ ವಾದವೂ ನಿಲ್ಲುವುದಿಲ್ಲ. 39ನೆಯ ಕಲಂ ಪ್ರಕಾರ ಕಾಯ್ದೆಯನ್ನು ಮೀರಿ ಹಿಡಿದ ಅಥವಾ ಬಂಧನದಲ್ಲಿಟ್ಟ ವನ್ಯಪ್ರಾಣಿ ಸರ್ಕಾರದ ಸ್ವತ್ತು. ಅದು ಅಡಿಕೆ ತೋಟದಲ್ಲಿ ಸಿಕ್ಕಿತೋ, ಬಚ್ಚಲುಮನೆಯಲ್ಲಿ ಸಿಕ್ಕಿತೋ ಎಂಬುದರಿಂದ ವ್ಯತ್ಯಾಸವಾಗದು. ಹಾವು ಒಬ್ಬರ ವಶದಲ್ಲಿ ಕಂಡುಬಂದರೆ, ಅದು ಅಕ್ರಮವಲ್ಲವೆಂದು ತೋರಿಸುವ ಹೊಣೆ 57ನೆಯ ಕಲಂ ಪ್ರಕಾರ ಅವರ ಮೇಲೆಯೇ ಬೀಳುತ್ತದೆ. ಮೊದಲನೆಯ ಅನುಸೂಚಿಯ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ ಹಾಗೂ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡವಿದೆ. ಕನಿಷ್ಠ ಶಿಕ್ಷೆ ನಿಗದಿಯಾಗಿರುವ ಇಂಥ ಪ್ರಕರಣವನ್ನು ಇಲಾಖೆಗೆ ಹಣ ಕಟ್ಟಿ ರಾಜಿಯಲ್ಲಿ ಮುಗಿಸಿಕೊಳ್ಳಲೂ ಸಾಧ್ಯವಿಲ್ಲ. ಪರವಾನಗಿಯಿಲ್ಲದೆ ವಿಷ ತೆಗೆಯುವುದು, ಮಾರುವುದು 44ನೆಯ ಕಲಂ ಅಡಿಯಲ್ಲಿ ಬೇರೆಯೇ ಅಪರಾಧ. ಹಲ್ಲು ಕಿತ್ತರೆ, ಬಾಯಿ ಹೊಲಿದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಜೊತೆಗೆ ಬರುತ್ತದೆ.

ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಿದರೆ ಸಾಕು ಎಂಬ ಮಾತು ಈಚೆಗೆ ಹರಡಿದೆ. 2024ರ ನಿಯಮಗಳಡಿ ಇರುವ ಆ ನೋಂದಣಿ ಬಾಲ್ ಪೈಥಾನ್‌ನಂಥ ಹೊರದೇಶದ ಪ್ರಾಣಿಗಳನ್ನು ಸಾಕುವವರಿಗೆ ಸಂಬಂಧಿಸಿದ್ದು. ನಮ್ಮ ನಾಗರಹಾವನ್ನೋ ಕಾಳಿಂಗವನ್ನೋ ಅಲ್ಲಿ ನಮೂದಿಸಿ ಸಕ್ರಮ ಮಾಡಿಕೊಳ್ಳಲು ದಾರಿಯಿಲ್ಲ. ಹಳೆಯ ಸಂಗ್ರಹಗಳನ್ನು ಘೋಷಿಸಿಕೊಳ್ಳಲು 2003ರಲ್ಲಿ ಕೊಟ್ಟಿದ್ದ ಅವಕಾಶವೂ ಎಂದೋ ಮುಗಿದಿದೆ.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ: ಹಾವು ಈಗಾಗಲೇ ಮನೆಯಲ್ಲಿದ್ದರೆ ಏನು ಮಾಡಬೇಕು? ವನ್ಯಪ್ರಾಣಿ ಯಾವುದೇ ರೀತಿಯಲ್ಲಿ ವಶಕ್ಕೆ ಬಂದರೂ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಿ, ಅವರು ಕೇಳಿದಾಗ ಒಪ್ಪಿಸಬೇಕೆಂದು 39ನೆಯ ಕಲಂ ಹೇಳುತ್ತದೆ. ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಬಳಿಕ ನಿಮ್ಮ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರ, ಶಿರಸಿ, ಹೊನ್ನಾವರ, ಯಲ್ಲಾಪುರ, ಹಳಿಯಾಳ ಎಂದು ಅರಣ್ಯ ವಿಭಾಗಗಳಿದ್ದು, ನಿಮ್ಮ ಊರು ಯಾವ ವಲಯಕ್ಕೆ ಸೇರುತ್ತದೆಂಬುದನ್ನು ಗಸ್ತು ಅರಣ್ಯ ಪಾಲಕರನ್ನು ಕೇಳಿ ಮೊದಲೇ ತಿಳಿದಿಟ್ಟುಕೊಳ್ಳುವುದು ಕ್ಷೇಮ. ಹಾವು ಕೋಣೆಯಲ್ಲಿ ಸಡಿಲವಾಗಿದ್ದರೆ ಹಿಡಿಯಲು ಹೋಗದೆ ಬಾಗಿಲು ಮುಚ್ಚಿ, ಸಂದಿಗೆ ದಪ್ಪ ಬಟ್ಟೆ ತುರುಕಿ, ಮಕ್ಕಳನ್ನೂ ನಾಯಿಯನ್ನೂ ದೂರವಿಡಿ. ಈಗಾಗಲೇ ಪೆಟ್ಟಿಗೆಯಲ್ಲಿದ್ದರೆ ಗಾಳಿಯಾಡುವಂತೆ ನೆರಳಿನಲ್ಲಿಡಿ, ಮುಚ್ಚಳ ತೆಗೆಯಬೇಡಿ, ಚೀಲದಲ್ಲಿ ಹಾಕಿ ಬೈಕಿನ ಮೇಲೆ ಒಯ್ಯಬೇಡಿ. ಎಲ್ಲಿ, ಯಾವ ದಿನ, ಯಾವ ಹೊತ್ತಿಗೆ ಸಿಕ್ಕಿತೆಂದು ಬರೆದುಕೊಟ್ಟು, ದಿನಾಂಕ ಮತ್ತು ಸಮಯ ನಮೂದಿಸಿದ ಸ್ವೀಕೃತಿ ಪಡೆದುಕೊಳ್ಳಿ. 48 ಗಂಟೆ ಮೀರಿಹೋಗಿದ್ದರೆ ವಕೀಲರ ಸಲಹೆ ಪಡೆದು ತಾವಾಗಿಯೇ ಒಪ್ಪಿಸುವುದು ಸರಿಯಾದ ದಾರಿ. ರಾತ್ರೋರಾತ್ರಿ ಯಾವುದೋ ಘಟ್ಟದಲ್ಲಿ ಬಿಟ್ಟುಬರುವುದರಿಂದ ಹಾವಿಗೂ ಒಳಿತಿಲ್ಲ. ಆಗುಂಬೆಯಲ್ಲಿ ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ಕಾಳಿಂಗಗಳನ್ನು ಹಿಂಬಾಲಿಸಿದಾಗ, ತನ್ನ ನೆಲೆಯಿಂದ ದೂರ ಒಯ್ದು ಬಿಟ್ಟ ಹಾವು ನೆಲೆ ನಿಲ್ಲದೆ ಬಹುದೂರ ಅಲೆದದ್ದು ಕಂಡುಬಂದಿದೆ.

ಆತ್ಮರಕ್ಷಣೆಗಾಗಿ ಪ್ರಾಮಾಣಿಕವಾಗಿ ಕೊಂದರೆ ಅಪರಾಧವಲ್ಲ ಎಂದು 11ನೆಯ ಕಲಂನಲ್ಲಿದೆ ನಿಜ. ಆದರೆ ಆ ಹೊತ್ತಿಗೆ ಕಾಯ್ದೆಯನ್ನು ಮುರಿಯುತ್ತಿದ್ದವರಿಗೆ ಅದರ ರಕ್ಷಣೆ ಸಿಗುವುದಿಲ್ಲ. ಅಂದರೆ ಅಕ್ರಮವಾಗಿ ಸಾಕಿದ ಹಾವು ತಿರುಗಿ ಬಿದ್ದಾಗ ಹೊಡೆದು ಹಾಕಿದವನ ಮೇಲೆ ಎರಡು ಆರೋಪಗಳು ಬರಬಹುದು.

ಕಚ್ಚಿಸಿಕೊಂಡವರು ಪ್ರಕರಣದ ಭಯದಿಂದ ಆಸ್ಪತ್ರೆಗೆ ಹೋಗುವುದನ್ನು ತಡಮಾಡುವುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಳವಳಗೊಳಿಸುವ ಸಂಗತಿ. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತ ಅಧಿಸೂಚಿತ ಕಾಯಿಲೆಯಾಗಿರುವುದರಿಂದ ಆಸ್ಪತ್ರೆಗಳು ಅದನ್ನು ಆರೋಗ್ಯ ಇಲಾಖೆಗೆ ವರದಿ ಮಾಡಲೇಬೇಕು. ಮುಚ್ಚಿಡುವ ಯೋಚನೆ ಬಿಟ್ಟು, ಯಾವ ಹಾವೆಂಬುದನ್ನು ವೈದ್ಯರಿಗೆ ಸುಳ್ಳಿಲ್ಲದೆ ಹೇಳಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷದಿಂದ ತಯಾರಾದದ್ದು. ಕಾಳಿಂಗಕ್ಕೂ ಕಡಲ ಹಾವುಗಳಿಗೂ ಪ್ರತ್ಯೇಕ ಪ್ರತಿವಿಷ ಭಾರತದಲ್ಲಿ ತಯಾರಾಗುವುದಿಲ್ಲ. ಕಾರವಾರದ ಬೈತಖೋಲದಲ್ಲಾಗಲಿ ಬೇರೆ ಬಂದರಿನಲ್ಲಾಗಲಿ ಬಲೆಗೆ ಬಿದ್ದ ಕಡಲ ಹಾವನ್ನು ಬಕೆಟ್ಟಿನಲ್ಲಿ ದಡಕ್ಕೆ ತಂದು ತೋರಿಸಬಾರದೆಂದು ಹೇಳುವುದು ಈ ಕಾರಣಕ್ಕಾಗಿಯೂ ಹೌದು.

ಹಾವು ಹಿಡಿಯುವ ಸ್ವಯಂಸೇವಕರಿಗೂ ಇಲಾಖೆಯ ಲಿಖಿತ ಅನುಮತಿ ಬೇಕು, ಮತ್ತು ಆ ಅನುಮತಿ ಹಿಡಿದು ಬಿಡುವುದಕ್ಕೆ ಮಾತ್ರ ಅನ್ವಯಿಸುತ್ತದೆ. ಹಿಡಿದ ಹಾವನ್ನು ಮನೆಯಲ್ಲಿಟ್ಟು ವಿಡಿಯೊ ಮಾಡುವುದಕ್ಕೂ, ಜಾತ್ರೆಯಲ್ಲಿಯೋ ನಾಗರಪಂಚಮಿಯಲ್ಲಿಯೋ ಪ್ರದರ್ಶಿಸುವುದಕ್ಕೂ ಅದು ರಕ್ಷೆಯಾಗದು.

ಹಾವಿನ ಜೊತೆ ಕೆಲಸ ಮಾಡಲೇಬೇಕೆನ್ನುವವರಿಗೆ ಕಾನೂನು ಬಾಗಿಲು ಮುಚ್ಚಿಲ್ಲ. ಶಿಕ್ಷಣ, ವೈಜ್ಞಾನಿಕ ಸಂಶೋಧನೆ, ಜೀವರಕ್ಷಕ ಔಷಧಿಗಾಗಿ ವಿಷ ಸಂಗ್ರಹ ಮುಂತಾದ ಉದ್ದೇಶಗಳಿಗೆ 12ನೆಯ ಕಲಂ ಅಡಿಯಲ್ಲಿ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಅನುಮತಿ ಕೊಡಬಹುದು. ಪ್ರಭೇದ, ಸಂಖ್ಯೆ, ಸ್ಥಳ, ಅವಧಿ, ಕೆಲಸದ ವಿಧಾನಗಳನ್ನು ಸ್ಪಷ್ಟವಾಗಿ ವಿವರಿಸಿ, ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಸಂಸ್ಥೆಯ ಮೂಲಕ ಅರ್ಜಿ ಸಲ್ಲಿಸುವುದು ಉತ್ತಮ. ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆಯಿರುವ ಮೃಗಾಲಯದಲ್ಲಿ ಕೆಲಸಕ್ಕೆ ಸೇರುವುದು ಇನ್ನೊಂದು ದಾರಿ. ಎರಡಕ್ಕೂ ಮೊದಲು, ಮುಟ್ಟದೆ ನೋಡಿ ಹಾವನ್ನು ಗುರುತಿಸುವುದನ್ನು ಕಲಿಯಲು ಯಾರ ಅನುಮತಿಯೂ ಬೇಕಿಲ್ಲ.