ಕಿವಿಯಲ್ಲಿ ಓದಿ ಪಿಎಚ್‌ಡಿ ಮುಗಿಸಿದೆ

ಹೋದ ತಿಂಗಳು ಪ್ರಬಂಧ ಒಪ್ಪಿಸಿದೆ. ರಾಗಿಯ ಬೆಂಕಿ ರೋಗದ ಶಿಲೀಂಧ್ರದ ಮೇಲಿನ ಕೆಲಸ, ಸುಮಾರು 170 ಪುಟ. ಪಿಯುಸಿಗೆ ಸೇರುವಾಗ "ಓದೋಕೇ ಕಷ್ಟಪಡ್ತೀಯ, ನಿನಗ್ಯಾಕಮ್ಮ ಸೈನ್ಸ್?" ಅಂದಿದ್ದ ನೆಂಟರೇ ಈಗ ಅವರ ಮಗನಿಗೋಸ್ಕರ ಫೋನ್ ಮಾಡಿ, ಹೇಗೆ ಮಾಡಿದೆ ಅಂತ ಕೇಳಿದರು. ಲ್ಯಾಬಿನಲ್ಲಿರುವ, ಡಿಸ್ಲೆಕ್ಸಿಯಾ ಇರುವ ನಮ್ಮಂಥವರಿಗೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಡಿಸ್ಲೆಕ್ಸಿಯಾ ಅಂದರೆ ಅಕ್ಷರ ಗುರುತಿಸಿ ಓದುವುದು, ಬರೆಯುವುದು ಕಷ್ಟವಾಗುವ ತೊಂದರೆ. ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ, ಇರುವವರಿಗೆ ಗೊತ್ತು. ನನಗೆ ಪ, ಷ, ವ, ಮ ಎಲ್ಲ ಒಂದೇ ಮನೆಯ ಮಕ್ಕಳ ಹಾಗೆ ಕಾಣುತ್ತಿದ್ದವು. ಎಸ್ಸೆಸ್ಸೆಲ್ಸಿವರೆಗೂ ಅಮ್ಮ ಸೊಪ್ಪು ಬಿಡಿಸುತ್ತಾ ಪಾಠ ಓದಿ ಹೇಳುತ್ತಿದ್ದರು. ನಾನು ಕೇಳಿಯೇ ಪಾಸಾದೆ. ಇದಕ್ಕೊಂದು ಹೆಸರಿದೆ ಅಂತ ಗೊತ್ತಾಗಿದ್ದು ಎಂಎಸ್ಸಿಯಲ್ಲಿ, 2018ರಲ್ಲಿ.

ಮೊದಲು ದುಡ್ಡು ಕಳೆದುಕೊಂಡ ಕಥೆ. ಖಾಸಗಿಯಾಗಿ ಪರೀಕ್ಷೆ ಮಾಡಿಸಿದೆ, ಏಳೆಂಟು ಸಾವಿರ ಹೋಯಿತು. ಆ ವರದಿ ಅಂಗವಿಕಲರ ಸರ್ಟಿಫಿಕೇಟ್‌ಗೆ ನಡೆಯಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮತ್ತೆ ಶುರುವಿನಿಂದ ಮಾಡಿಸಬೇಕಾಯಿತು. ಅಷ್ಟರಲ್ಲಿ ಸಂಶೋಧನೆಯ ಫೆಲೋಶಿಪ್‌ಗೆ ಬೇಕಾದ ಸಿಎಸ್‌ಐಆರ್ ನೆಟ್ ಪರೀಕ್ಷೆ ಎರಡು ಸಲ ಬರೆದು ಎರಡು ಸಲವೂ ಫೇಲ್. 2019ರ ಜೂನ್‌ನಲ್ಲಿ ಉತ್ತರ ಗೊತ್ತಿತ್ತು, ಆದರೆ ಗುಳ್ಳೆ ತುಂಬುವ ಓಎಂಆರ್ ಹಾಳೆಯಲ್ಲಿ 41ರ ಉತ್ತರವನ್ನು 42ರ ಎದುರು ತುಂಬಿ, ಹಾಗೇ ಒಂದೊಂದು ಮನೆ ಕೆಳಗೆ ಇಳಿದುಕೊಂಡು ಹೋಗಿದ್ದೆ. ಗೊತ್ತಾದಾಗ ಹತ್ತು ನಿಮಿಷ ಉಳಿದಿತ್ತು. ಆವತ್ತು ಮನೆಗೆ ಬಂದು ಊಟ ಮಾಡಲಿಲ್ಲ.

1995ರ ಅಂಗವಿಕಲರ ಕಾಯ್ದೆಯಲ್ಲಿ ನಮ್ಮ ತೊಂದರೆಗೆ ಜಾಗವೇ ಇರಲಿಲ್ಲ, 2016ರ ಕಾಯ್ದೆಯಲ್ಲಿ ಸೇರಿತು. ಸರ್ಟಿಫಿಕೇಟ್ ಇದ್ದರೆ ಗಂಟೆಗೆ 20 ನಿಮಿಷ ಜಾಸ್ತಿ, ಅಂದರೆ ಮೂರು ಗಂಟೆಯ ನೆಟ್‌ಗೆ ಪೂರ್ತಿ ಒಂದು ಗಂಟೆ. 2019ರ ಡಿಸೆಂಬರ್‌ನಲ್ಲಿ ಪರೀಕ್ಷೆ ಕಂಪ್ಯೂಟರಿಗೆ ಬಂತು, ಗುಳ್ಳೆ ತುಂಬುವ ಕಾಟವೂ ತಪ್ಪಿತು. ಮೂರನೇ ಸಲ ದಾಟಿದೆ. ಅರ್ಹತೆ ಇದ್ದವರು ದಯವಿಟ್ಟು ಸರ್ಟಿಫಿಕೇಟ್ ಮೊದಲು ಮಾಡಿಸಿಕೊಳ್ಳಿ. ನಾಚಿಕೆ ಬೇಡ.

ಲ್ಯಾಬಿನಲ್ಲಿ ಕಷ್ಟ ಬೇರೆ ಥರ. ಮೊದಲ ವರ್ಷ 20 ಅಕ್ಷರದ ಪ್ರೈಮರ್ (ಡಿಎನ್‌ಎಯ ಬೇಕಾದ ಭಾಗವನ್ನು ನಕಲು ಮಾಡಲು ಅದಕ್ಕೆ ಅಂಟಿಸುವ ಪುಟ್ಟ ತುಂಡು) ಒಂದನ್ನು ಕೈಯಲ್ಲಿ ಟೈಪ್ ಮಾಡಿ ಆರ್ಡರ್ ಹಾಕಿದೆ. ಕೊನೆಯ ಎರಡು ಅಕ್ಷರ ಅದಲುಬದಲಾಗಿದ್ದವು. ಪ್ರೈಮರ್‌ನ ತುದಿ, ಅಂಟಲೇಬೇಕಾದ ಜಾಗ ಅದೇ. ಜೆಲ್‌ನಲ್ಲಿ ಬ್ಯಾಂಡ್ ಬರಲೇ ಇಲ್ಲ, ಅಂದರೆ ನಕಲು ಆಗಲೇ ಇಲ್ಲ. ಉಷ್ಣಾಂಶ ಬದಲಿಸಿದೆ, ಎಂಜೈಮ್ ಬದಲಿಸಿದೆ, ಡಿಎನ್‌ಎ ಹೊಸದಾಗಿ ತೆಗೆದೆ. ಪ್ರೈಮರ್ ಬೆಲೆ 250 ರೂಪಾಯಿ ಇರಬಹುದು. ಹೋಗಿದ್ದು ಮೂರು ವಾರ, ಜೊತೆಗೆ ಅರ್ಧ ಕಿಟ್. "ನಿನಗೆ ಈ ಕೆಲಸ ಆಗಲ್ಲ" ಅಂತ ಒಬ್ಬ ಸೀನಿಯರ್ ಎಲ್ಲರೆದುರು ಹೇಳಿದರು.

ಅವತ್ತಿನಿಂದ ಸೀಕ್ವೆನ್ಸನ್ನು, ಅಂದರೆ ಡಿಎನ್‌ಎ ಅಕ್ಷರಗಳ ಸಾಲನ್ನು, ಕೈಯಲ್ಲಿ ಟೈಪ್ ಮಾಡಿಲ್ಲ. ಕಾಪಿ ಮಾಡಿ, ಮೂರು ಮೂರು ಅಕ್ಷರಕ್ಕೆ ಒಡೆದು, ಮಗ್ಗಿ ಒಪ್ಪಿಸಿದ ಹಾಗೆ ಜೋರಾಗಿ ಹೇಳುತ್ತೇನೆ. ಪಕ್ಕದ ಬೆಂಚಿನ ಹುಡುಗಿ ಹಾಳೆ ಹಿಡಿದು ಕೇಳುತ್ತಾಳೆ. ಒಂದು ಅಕ್ಷರ ತಪ್ಪಿದರೂ ತಾಳ ತಪ್ಪಿದ್ದು ಕಿವಿಗೆ ಗೊತ್ತಾಗುತ್ತದೆ. ಆಮೇಲೆ ಇನ್ನೂರಕ್ಕೂ ಹೆಚ್ಚು ಪ್ರೈಮರ್ ತರಿಸಿದ್ದೇನೆ, ಅಕ್ಷರ ತಪ್ಪಿ ಮತ್ತೆ ತರಿಸಿದ್ದು ಒಂದೂ ಇಲ್ಲ. ಈಗ ಲ್ಯಾಬಿನವರೆಲ್ಲ ಹೀಗೇ ಮಾಡುತ್ತಾರೆ.

ದ್ರವ ಹಾಕುವ 96 ಪುಟ್ಟ ಗುಂಡಿಗಳಿರುವ ಪ್ಲೇಟ್‌ನಲ್ಲಿ ಬಿ ಸಾಲು, ಡಿ ಸಾಲು ನನಗೆ ಕಲಸಿಹೋಗುತ್ತಿದ್ದವು. ಹಾಗೆ ಒಂದು ಪ್ಲೇಟ್ ಹಾಳಾದರೆ ಐದಾರು ಸಾವಿರ. ಅದಕ್ಕೆ ಬಣ್ಣ ಹಾಕಿದ ಹಾಳೆಯ ಮೇಲೆ ಪ್ಲೇಟ್ ಇಡುತ್ತೇನೆ. ತಳ ಪಾರದರ್ಶಕ ಅಲ್ವಾ, ಗುಂಡಿಯೊಳಗೆ ಬಣ್ಣ ಕಾಣುತ್ತದೆ. ಅಕ್ಷರ ನೋಡುವುದೇ ಇಲ್ಲ, ಬಣ್ಣ ನೋಡಿ ಪಿಪೆಟ್‌ನಿಂದ ದ್ರವ ಹಾಕುತ್ತೇನೆ. ಬಣ್ಣಗಳನ್ನು ಯಾವ ಕ್ರಮದಲ್ಲಿ ಹಾಕುತ್ತೇನೆ ಅನ್ನುವುದರಲ್ಲೇ ಗುಟ್ಟಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸಂಶೋಧನಾ ಪೇಪರ್‌ಗಳನ್ನು ಫೋನ್ ಓದಿ ಹೇಳುತ್ತದೆ, ಒಂದೂವರೆ ಪಟ್ಟು ವೇಗದಲ್ಲಿ. ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಎರಡು ಪೇಪರ್ ಮುಗಿಯುತ್ತವೆ. ಒಂದು ಎಚ್ಚರ: ನಾನು ಮೊದಲು ಬಳಸಿದ ಆ್ಯಪ್ 'ಮೈಕ್ರೋ' (ಹತ್ತು ಲಕ್ಷದಲ್ಲಿ ಒಂದು ಭಾಗ) ಚಿಹ್ನೆಯನ್ನು ನುಂಗಿಬಿಡುತ್ತಿತ್ತು. ಆದ್ದರಿಂದ ಅಳತೆಗಳನ್ನು ಮಾತ್ರ ಕಣ್ಣಲ್ಲೇ, ಬೆರಳಿಟ್ಟು ನೋಡುತ್ತೇನೆ. ಬಣ್ಣದ ಪ್ಲಾಸ್ಟಿಕ್ ಹಾಳೆ ಇಟ್ಟು ಓದುವುದು, ಡಿಸ್ಲೆಕ್ಸಿಯಾಕ್ಕೇ ಅಂತ ಮಾಡಿದ ಫಾಂಟ್, ಎರಡನ್ನೂ ತಿಂಗಳುಗಟ್ಟಲೆ ಪ್ರಯತ್ನಿಸಿದೆ. ನನಗೆ ಏನೂ ಪ್ರಯೋಜನವಾಗಲಿಲ್ಲ. ಅಕ್ಷರ ದೊಡ್ಡದು ಮಾಡಿ ಸಾಲುಗಳ ನಡುವೆ ಜಾಗ ಬಿಟ್ಟಿದ್ದೇ ಜಾಸ್ತಿ ಸಹಾಯವಾಯಿತು, ಅದಕ್ಕೆ ಖರ್ಚೂ ಇಲ್ಲ.

ಕೆರೋಲ್ ಗ್ರೈಡರ್‌ಗೆ 2009ರಲ್ಲಿ, ಜಾಕ್ ದುಬೋಶೆಗೆ 2017ರಲ್ಲಿ ನೊಬೆಲ್ ಬಂತು. ಇಬ್ಬರಿಗೂ ಡಿಸ್ಲೆಕ್ಸಿಯಾ. ಇದನ್ನು ಓದಿ ಧೈರ್ಯ ಬಂತು, ನಿಜ. ಆದರೆ ನನಗೆ ಆಗ ಬೇಕಿದ್ದದ್ದು, ನಾಳೆ ಬೆಳಗ್ಗೆ ಪ್ಲೇಟ್ ಹೇಗೆ ತುಂಬಲಿ ಅಂತ ಹೇಳಿಕೊಡುವವರು.

ಪ್ರಬಂಧವನ್ನು ಬಾಯಲ್ಲಿ ಹೇಳಿ ಬರೆಸಿದೆ, ಆರೇಳು ತಿಂಗಳು ಹಿಡಿಯಿತು. ಈಗ ಹೊಲದ ಟಿಪ್ಪಣಿಗೂ ಹಾಗೇ ಬಾಯಲ್ಲಿ ಹೇಳಿ ಬರೆಸಿ ನೋಡುತ್ತಿದ್ದೇನೆ. ಎಲೆಯ ಮೇಲಿನ ಕಲೆ ನೋಡಿ ರೋಗದ ಮಟ್ಟ ಹೇಳುವುದರಲ್ಲಿ ನಮ್ಮ ಗುಂಪಿನಲ್ಲಿ ನನ್ನ ಕಣ್ಣೇ ಚುರುಕು. ಬರೆದುಕೊಳ್ಳುವಾಗ ಮಾತ್ರ ನಿಧಾನವಾಗುತ್ತಿತ್ತು. ಫೋನಿಗೆ ಕನ್ನಡದಲ್ಲೇ ಹೇಳಿದರೆ ಗಿಡದ ನಂಬರ್ ಸರಿಯಾಗಿ ಹಿಡಿಯುತ್ತದೆ, ಗಾಳಿ ಜೋರಾದರೆ ತಪ್ಪುತ್ತದೆ. ಈ ಮುಂಗಾರಿನಲ್ಲಿ ಕಾಲರ್ ಮೈಕ್ ಹಾಕಿ ನೋಡಬೇಕು.