ನನ್ನ 'ಎರಡು ಪೆಗ್' ಎಷ್ಟು ಎಂಎಲ್ ಅಂತ ಅಳೆದು ನೋಡಿದ ಮೇಲೆ

ಹನ್ನೊಂದು ವರ್ಷ ಯಾರು ಕೇಳಿದರೂ ನಾನು ಹೇಳುತ್ತಿದ್ದದ್ದು ಒಂದೇ ಮಾತು. "ದಿನಾ ಎರಡು ಪೆಗ್, ಅಷ್ಟೇ. ಅದು ನನ್ನ ಲಿಮಿಟ್." ಸುಳ್ಳು ಹೇಳುತ್ತಿದ್ದೇನೆ ಅಂತ ನನಗೆ ಒಂದು ದಿನಾನೂ ಅನ್ನಿಸಿರಲಿಲ್ಲ.

ತುಮಕೂರಿನಲ್ಲಿ ನನ್ನದೊಂದು ಸಣ್ಣ ಆಫ್‌ಸೆಟ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಕರಪತ್ರ, ಇಂಥ ಕೆಲಸ. ರಾತ್ರಿ ಎಂಟೂವರೆಗೆ ಶಟರ್ ಎಳೆದು, ದಾರಿಯಲ್ಲಿ ವೈನ್ ಶಾಪ್ ಮುಂದೆ ಗಾಡಿ ನಿಲ್ಲಿಸಿ, ಮನೆಗೆ ಬಂದು ಸ್ನಾನ ಮಾಡಿ, ಹಿಂದುಗಡೆ ಜಗಲಿಯಲ್ಲಿ ಕೂರುತ್ತಿದ್ದೆ. ಒಂದು ಲೋಟ ವಿಸ್ಕಿ, ನೀರು, ಒಂದಿಷ್ಟು ಖಾರದ ಕಡಲೆಬೀಜ. ಗಲಾಟೆ ಇಲ್ಲ, ಜಗಳ ಇಲ್ಲ. ಬಾರ್‌ನಲ್ಲಿ ಕೂತು ಕುಡಿಯುವವರನ್ನು ನೋಡಿ ನಾನು ಅವರ ಥರ ಅಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಲೆಕ್ಕ ಯಾಕೋ ಹೊಂದಲಿಲ್ಲ. ನಮ್ಮಲ್ಲಿ ಸ್ಮಾಲ್ ಪೆಗ್ ಅಂದರೆ 30 ಎಂಎಲ್, ಲಾರ್ಜ್ ಪೆಗ್ ಅಂದರೆ 60. ಎರಡು ಲಾರ್ಜ್ ಅಂದರೆ 120. ಹಾಗಿದ್ದರೆ 750ರ ಬಾಟಲಿ ಆರು ದಿನ ಬರಬೇಕು. ನನಗೆ ನಾಲ್ಕೇ ದಿನಕ್ಕೆ ಖಾಲಿ ಆಗುತ್ತಿತ್ತು. ಮಗಳ ಕೆಮ್ಮಿನ ಸಿರಪ್ ಜೊತೆ ಬಂದಿದ್ದ 10 ಎಂಎಲ್ ಮುಚ್ಚಳ ತಗೊಂಡು, ನನ್ನ ಲೋಟದಲ್ಲಿ ದಿನಾ ಎಲ್ಲಿಯವರೆಗೆ ವಿಸ್ಕಿ ಹಾಕುತ್ತೇನೋ ಅಲ್ಲಿಯವರೆಗೆ ನೀರು ತುಂಬಿಸಿ, ಒಂದೊಂದೇ ಮುಚ್ಚಳ ಎಣಿಸಿ ಹೊರಗೆ ಸುರಿದೆ. ಆರಕ್ಕೆ ಮುಗಿಯಬೇಕಿತ್ತು. ಏಳಾಯಿತು, ಎಂಟಾಯಿತು, ಎಂಟೂವರೆಗೆ ಲೋಟ ಖಾಲಿಯಾಯಿತು. ಅಂದರೆ ನನ್ನ ಒಂದು ಪೆಗ್ 85 ಎಂಎಲ್. ಎರಡಕ್ಕೆ 170, ಆಮೇಲೆ ಊಟಕ್ಕೆ ಮುಂಚೆ ಹಾಕಿಕೊಳ್ಳುತ್ತಿದ್ದ "ಒಂದು ಚೂರು" ಸೇರಿದರೆ ಸರಿಯಾಗಿ ಒಂದು ಕ್ವಾರ್ಟರ್, ಅಂದರೆ 180 ಎಂಎಲ್. "ರೀ, ಏನ್ರೀ ಅದು ಸಿರಪ್ ಮುಚ್ಚಳ ಹಿಡ್ಕೊಂಡು?" ಅಂತ ಹೆಂಡತಿ ಅಡುಗೆಮನೆಯಿಂದ ಕೇಳಿದಳು. ಏನೂ ಇಲ್ಲ ಅಂದೆ.

ಆ ದಿನ ಬಾಟಲಿ ಮೇಲಿನ ಸಣ್ಣ ಅಕ್ಷರವನ್ನು ಮೊದಲ ಸಲ ಸರಿಯಾಗಿ ಓದಿದೆ. ದಿನಾ ಅಕ್ಷರದ ಜೊತೆಯಲ್ಲೇ ಬದುಕುವವನು ನಾನು, ಇದನ್ನು ಮಾತ್ರ ಓದಿರಲಿಲ್ಲ. 42.8 ಪರ್ಸೆಂಟ್ ಆಲ್ಕೋಹಾಲ್. ನಮ್ಮ ದೇಶದ ವಿಸ್ಕಿ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಇದೇ ಅಂಕಿ ಇರುತ್ತೆ, ಕಡಿಮೆ ದುಡ್ಡಿನದ್ದಾದರೂ ಅಷ್ಟೇ, ದುಬಾರಿಯದ್ದಾದರೂ ಹೆಚ್ಚೂಕಮ್ಮಿ ಅಷ್ಟೇ. 180 ಎಂಎಲ್‌ನಲ್ಲಿ ಸುಮಾರು 61 ಗ್ರಾಂ ಶುದ್ಧ ಆಲ್ಕೋಹಾಲ್. ಬ್ರಿಟನ್‌ನಲ್ಲಿ 2016ರಿಂದ ಅಲ್ಲಿಯ ವೈದ್ಯಾಧಿಕಾರಿಗಳು ಹೇಳುತ್ತಿರುವ ಮೇಲ್ಮಿತಿ ವಾರಕ್ಕೆ 14 ಯೂನಿಟ್, ಅಂದರೆ 112 ಗ್ರಾಂ. ಒಂದು ವಾರದ್ದು. ಅದನ್ನು ನಾನು ಎರಡನೇ ರಾತ್ರಿಯೇ ದಾಟುತ್ತಿದ್ದೆ. ಇನ್ನು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದ್ದು, ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಪ್ರಮಾಣ ಅಂತ ಒಂದು ಇಲ್ಲವೇ ಇಲ್ಲ ಅಂತ.

"ನಾನು ವಿಸ್ಕಿ ಮುಟ್ಟಲ್ಲ ಗುರು, ಬರೀ ಬಿಯರ್" ಅನ್ನುವವರಿಗೂ ಇದೇ ಲೆಕ್ಕ ಹೇಳಿಬಿಡುತ್ತೇನೆ. 8 ಪರ್ಸೆಂಟಿನ ಒಂದು ದೊಡ್ಡ ಬಾಟಲಿ ಸ್ಟ್ರಾಂಗ್ ಬಿಯರ್, 650 ಎಂಎಲ್, ಅದರಲ್ಲಿರುವುದು ಸುಮಾರು 41 ಗ್ರಾಂ. ಎರಡು ಲಾರ್ಜ್ ವಿಸ್ಕಿಯಲ್ಲಿರುವುದೂ ಅಷ್ಟೇ.

ಈ ಲೆಕ್ಕದಲ್ಲಿ ನನಗೆ ತುಂಬಾ ಕಾಡಿದ್ದು ಲಿವರ್ ವಿಷಯ ಅಲ್ಲ, ಮಗಳ ಶಾಲೆ. ದೇಹ ಗಂಟೆಗೆ ಸುಮಾರು ಏಳೆಂಟು ಗ್ರಾಂ ಆಲ್ಕೋಹಾಲ್ ಕರಗಿಸುತ್ತೆ. ಕಾಫಿ ಕುಡಿದರೂ, ತಣ್ಣೀರು ಸ್ನಾನ ಮಾಡಿದರೂ, ಮಜ್ಜಿಗೆ ಕುಡಿದರೂ ಆ ವೇಗ ಜಾಸ್ತಿ ಆಗಲ್ಲ. ಮದುವೆ ಸೀಸನ್‌ನಲ್ಲಿ ಕೆಲಸ ಜಾಸ್ತಿ, ಸುಸ್ತೂ ಜಾಸ್ತಿ, ಕ್ವಾರ್ಟರ್ ಮೇಲೆ ಇನ್ನೊಂದು ನೈಂಟಿ ಆಗುತ್ತಿತ್ತು. 270 ಎಂಎಲ್, 91 ಗ್ರಾಂ. ರಾತ್ರಿ ಒಂಬತ್ತಕ್ಕೆ ಶುರು ಮಾಡಿದರೆ ಅದು ಪೂರ್ತಿ ಇಳಿಯುವ ಹೊತ್ತಿಗೆ ಬೆಳಿಗ್ಗೆ ಎಂಟು ದಾಟಿರುತ್ತೆ. ನಾನು ಏಳೂ ಮುಕ್ಕಾಲಿಗೆ ಮಗಳನ್ನು ಸ್ಕೂಟರ್‌ನಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದೆ, ರಾತ್ರಿದೆಲ್ಲ ಮುಗೀತು, ನಿದ್ದೆನೂ ಆಯ್ತು ಅಂದುಕೊಂಡು. ಅವಳು ಹಿಂದೆ ಕೂತು ಎರಡೂ ಕೈಯಲ್ಲಿ ನನ್ನ ಸೊಂಟ ಹಿಡಿದುಕೊಳ್ಳುತ್ತಿದ್ದಳು. ಈ ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನದಿಂದಲೇ ಪೂರ್ತಿ ನಿಲ್ಲಿಸಿದೆ. ಇದು ನಾನು ಮಾಡಿದ ದೊಡ್ಡ ತಪ್ಪು, ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು.

ಮೊದಲ ದಿನ ಹೇಗೋ ಕಳೆಯಿತು. ಎರಡನೇ ದಿನ ಬೆಳಿಗ್ಗೆ ಪ್ರೆಸ್‌ನಲ್ಲಿ ಒಂದು ನಾಲ್ಕು ಬಣ್ಣದ ಪತ್ರಿಕೆಯ ರಿಜಿಸ್ಟರ್ ನೋಡಬೇಕಿತ್ತು. ಕಾಗದದ ಮೂಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಪ್ಲಸ್ ಗುರುತು ಇರುತ್ತೆ, ನಾಲ್ಕೂ ಬಣ್ಣ ಅದರ ಮೇಲೆ ಒಂದರ ಮೇಲೊಂದು ಕೂರಬೇಕು, ಭೂತಗನ್ನಡಿ ಇಟ್ಟು ನೋಡುತ್ತೇವೆ. ಕನ್ನಡಿ ನಿಲ್ಲಲಿಲ್ಲ. ಗುರುತು ಅತ್ತಿತ್ತ ಓಡುತ್ತಿತ್ತು. ಮೆಷಿನ್ ಕೆಟ್ಟಿದೆ ಅಂದುಕೊಂಡೆ, ಆಮೇಲೆ ನೋಡಿದರೆ ನನ್ನ ಕೈ. ಫ್ಯಾನ್ ಕೆಳಗೆ ಕೂತರೂ ಬೆವರು, ಎದೆ ಢವಢವ. ಮೆಷಿನ್ ನೋಡಿಕೊಳ್ಳುವ ಹುಡುಗ ಮೆಲ್ಲಗೆ ನನ್ನ ಕೈಯಿಂದ ಕನ್ನಡಿ ತಗೊಂಡು "ಅಣ್ಣಾ, ನಾನು ನೋಡ್ತೀನಿ ಬಿಡಿ, ನೀವು ಕೂತ್ಕೊಳ್ಳಿ" ಅಂದ. ಅವನಿಗೆ ಎಷ್ಟು ದಿನದಿಂದ ಗೊತ್ತಿತ್ತೋ.

ಮಧ್ಯಾಹ್ನವೇ ಡಾಕ್ಟರ್ ಹತ್ತಿರ ಹೋದೆ. ಅವರು ಬೈಯಲಿಲ್ಲ, ಆದರೆ ಗಾಬರಿಯಾದರು. ದಿನಾ ಕುಡಿಯುವವರ ಮಿದುಳು ಆ ಮಂಪರಿಗೆ ಎದುರಾಗಿ ತನ್ನನ್ನು ತಾನೇ ಜೋರಾಗಿ ಓಡಿಸಿಕೊಳ್ಳುವುದು ಕಲಿತಿರುತ್ತೆ. ಆಲ್ಕೋಹಾಲ್ ತಟ್ಟನೆ ನಿಂತರೆ ಆ ಓಟ ಮಾತ್ರ ಉಳಿದುಬಿಡುತ್ತೆ. ಮೊದಲು ಕೈ ನಡುಕ, ಬೆವರು. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಎಲ್ಲಿದ್ದೇವೆ ಅನ್ನೋದೇ ಗೊತ್ತಾಗದೆ, ಇಲ್ಲದ್ದೆಲ್ಲ ಕಾಣೋಕೆ ಶುರುವಾಗುತ್ತೆ, ಅದರಿಂದ ಜೀವವೇ ಹೋಗಬಹುದು. ಹಾಗಾಗಿ ದಿನಾ ಕ್ವಾರ್ಟರ್ ಹೊಡೆಯುವವರು ಹಟಕ್ಕೆ ಬಿದ್ದು ಒಬ್ಬರೇ ಮನೆಯಲ್ಲಿ ಕೂತು ನಿಲ್ಲಿಸಬೇಡಿ, ದಯವಿಟ್ಟು. ನನಗೆ ಒಂದು ವಾರ ದಿನದಿನಕ್ಕೂ ಕಡಿಮೆ ಮಾಡುತ್ತಾ ಹೋಗುವ ಮಾತ್ರೆ ಕೊಟ್ಟರು, ಜೊತೆಗೆ ವಿಟಮಿನ್ ಬಿ1. ಮಾತ್ರೆ ಹೆಂಡತಿ ಕೈಯಲ್ಲೇ ಇರಬೇಕು ಅಂತ ಅವಳಿಗೇ ಕೊಟ್ಟರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಯಾರನ್ನು ಕೇಳೋದು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416ಕ್ಕೆ ಫೋನ್ ಮಾಡಿ, ದುಡ್ಡು ತಗೊಳ್ಳಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಬ್ಲಡ್ ಟೆಸ್ಟ್ ರಿಪೋರ್ಟ್ ಬಂತು. ಲಿವರ್ ಹೇಗಿದೆ ಅಂತ ತೋರಿಸುವ ಅಂಕಿಗಳಲ್ಲಿ ಒಂದಾದ ಜಿಜಿಟಿ 186, ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ. ಇನ್ನೆರಡು ಅಂಕಿಗಳಲ್ಲಿ ಎಸ್‌ಜಿಒಟಿ ಎಸ್‌ಜಿಪಿಟಿಗಿಂತ ಎರಡು ಪಟ್ಟು ಇತ್ತು, ಕುಡಿತದಿಂದ ಲಿವರ್‌ಗೆ ಪೆಟ್ಟು ಬಿದ್ದಾಗ ಹೀಗೆ ಕಾಣುತ್ತೆ ಅಂದರು. ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 2 ಫ್ಯಾಟಿ ಲಿವರ್, ಅಂದರೆ ಲಿವರ್ ಮೇಲೆ ಮಧ್ಯಮ ಮಟ್ಟದ ಕೊಬ್ಬು. ಬಿಪಿ 150/96. ಇದೆಲ್ಲ ಇದ್ದರೂ ನನಗೆ ಒಂದು ದಿನ ಹೊಟ್ಟೆ ನೋವು ಅಂತ ಬಂದಿರಲಿಲ್ಲ. ಲಿವರ್ ಹಾಗೇ, ಸಹಿಸುವಷ್ಟು ದಿನ ಸುಮ್ನೆ ಸಹಿಸುತ್ತೆ. ಕೊಬ್ಬು ತುಂಬಿಕೊಂಡ ಹಂತದಲ್ಲಿ ನಿಲ್ಲಿಸಿದರೆ ವಾಪಸ್ ಸರಿಹೋಗುತ್ತೆ, ಗಟ್ಟಿಯಾಗಿ ಸಿರೋಸಿಸ್ ಆದಮೇಲೆ ಮೊದಲಿನಂತೆ ಆಗೋದು ಕಷ್ಟ.

ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಮಾತನ್ನೂ ಅವರೇ ತೆಗೆದರು. ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುವ ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುತ್ತೆ ಅಂತ ಖಚಿತವಾಗಿರುವ ಮೊದಲ ಗುಂಪಿಗೆ ಸೇರಿಸಿದೆ, ತಂಬಾಕು ಇರುವ ಗುಂಪಿಗೇ. ಕುಡಿದಾಗ ಒಂದು ಸಿಗರೇಟೋ ಗುಟ್ಕಾನೋ ಬೇಕೇ ಬೇಕು ಅನ್ನುವವರು ನಮ್ಮ ಕಡೆ ಎಷ್ಟು ಜನ ಇದ್ದಾರೆ. ಎರಡೂ ಸೇರಿದರೆ ಅಪಾಯ ಒಂದಕ್ಕೊಂದು ಕೂಡೋದಲ್ಲ, ಗುಣಿಸಿಕೊಳ್ಳುತ್ತೆ.

ಮೂರು ತಿಂಗಳು ಮುಟ್ಟಲಿಲ್ಲ. ಜಿಜಿಟಿ 48ಕ್ಕೆ ಇಳಿಯಿತು. ಖುಷಿಯಾಯಿತು, ಆ ಖುಷಿಯಲ್ಲೇ ಹೊಸ ಲಿಮಿಟ್ ಹಾಕಿಕೊಂಡೆ. ಶನಿವಾರ ಮಾತ್ರ, 60 ಎಂಎಲ್ ಮಾತ್ರ, ಅದೇ ಸಿರಪ್ ಮುಚ್ಚಳದಲ್ಲಿ ಆರು ಸಲ ಅಳೆದು. ಪ್ರೆಸ್‌ನ ಹಳೇ ಜಾಬ್ ಬುಕ್ಕಿನಲ್ಲಿ ಬರೆದಿಟ್ಟೆ. ಏಳು ಶನಿವಾರ ಸಾಲಾಗಿ 60, 60, 60. ಎಂಟನೇದರಲ್ಲಿ 90. ಪಕ್ಕದಲ್ಲಿ "ನೆಂಟರು ಬಂದಿದ್ದರು" ಅಂತ ಬರೆದಿದ್ದೇನೆ. ಹತ್ತನೇ ವಾರ ಒಂದು ಬುಧವಾರ ಸೇರಿಕೊಂಡಿದೆ, "ಪೇಪರ್ ಲೋಡ್ ಲೇಟು, ತಲೆನೋವು". ಹನ್ನೆರಡನೇ ವಾರ 150, ಪಕ್ಕದಲ್ಲಿ ಕಾರಣವನ್ನೂ ಬರೆದಿಲ್ಲ.

ಆ ಪುಸ್ತಕ ತಗೊಂಡು ಹೋಗಿ ಡಾಕ್ಟರ್ ಮುಂದೆ ಇಟ್ಟೆ. ಅವರು ಒಂದೊಂದೇ ಸಾಲು ಓದಿ ಒಂದು ಪ್ರಶ್ನೆ ಕೇಳಿದರು. "ಮೊದಲನೇ ಅರವತ್ತು ಒಳಗೆ ಹೋದಮೇಲೆ ಎರಡನೇದು ಬೇಡ ಅಂತ ಹೇಳಬೇಕಾದವರು ಯಾರು? ಅದೇ ಮಿದುಳಲ್ವಾ? ಅದರೊಳಗೆ ಆಗಲೇ ಅರವತ್ತು ಸೇರ್ಕೊಂಡಿದೆಯಲ್ಲ." ನನ್ನ ಭಾವಮೈದ ಅರ್ಧ ಲೋಟ ಹಾಗೇ ಬಿಟ್ಟು ಊಟಕ್ಕೆ ಏಳಬಲ್ಲ. ಅವನನ್ನು ನೋಡಿ ನನಗೂ ಆಗುತ್ತೆ ಅಂತ ವರ್ಷಗಟ್ಟಲೆ ಅಂದುಕೊಂಡಿದ್ದೆ. ನನಗೆ ಆಗಲ್ಲ ಅಂತ ನನ್ನ ಕೈಬರಹವೇ ಹೇಳುತ್ತಿತ್ತು. ನನ್ನ ಲಿಮಿಟ್ ಸೊನ್ನೆ ಅಂತ ಅವತ್ತು ಒಪ್ಪಿಕೊಂಡೆ. ಹದಿನಾಲ್ಕು ತಿಂಗಳಾಯಿತು.

ನನಗೆ ಉಪಯೋಗಕ್ಕೆ ಬಂದದ್ದು ಇಷ್ಟು. ಮನೆಗೆ ಬರುವ ದಾರಿ ಬದಲಿಸಿದೆ, ಒಂದೂವರೆ ಕಿಲೋಮೀಟರ್ ಸುತ್ತಾಗುತ್ತೆ, ಆಗಲಿ. ಊಟ ಒಂಬತ್ತೂವರೆಯಿಂದ ಎಂಟು ಮುಕ್ಕಾಲಿಗೆ ತಂದೆ, ಬಂದ ತಕ್ಷಣ ಬಿಸಿ ಮುದ್ದೆ, ಸಾರು. ಹೊಟ್ಟೆ ತುಂಬಿದ ಮೇಲೆ ಆಸೆ ಅರ್ಧಕ್ಕರ್ಧ ಇಳಿಯುತ್ತೆ, ಇದು ನಿಜಕ್ಕೂ ಕೆಲಸ ಮಾಡಿತು. ಪಾರ್ಟಿಗಳಲ್ಲಿ ನಿಂಬೆಹಣ್ಣು ಸೋಡಾ ಲೋಟ ಕೈಯಲ್ಲಿ ಹಿಡಿದಿದ್ದರೆ ಯಾರೂ ಒತ್ತಾಯ ಮಾಡಲ್ಲ. ನಿದ್ದೆ ಮಾತ್ರ ಮೂರು ವಾರ ಸತಾಯಿಸಿತು. ಕುಡಿಯುವಾಗ ಬೇಗ ನಿದ್ದೆ ಹತ್ತುತ್ತಿತ್ತು, ಆದರೆ ರಾತ್ರಿ ಮೂರಕ್ಕೆ ಎಚ್ಚರ, ಬಾಯಿ ಒಣಗಿ. ಅದನ್ನು ವಯಸ್ಸಿನ ಮೇಲೆ ಹಾಕಿದ್ದೆ. ಈಗ ಬೆಳಿಗ್ಗೆ ಐದೂವರೆ ತನಕ ಒಂದೇ ನಿದ್ದೆ.

ಕಳೆದ ಸಲದ ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 1 ಅಂತ ಬಂದಿದೆ. ಬಿಪಿ ಮಾತ್ರೆ ಇನ್ನೂ ನಿಂತಿಲ್ಲ, ಅರ್ಧಕ್ಕೆ ಇಳಿಸಿದ್ದಾರೆ. ರಿಜಿಸ್ಟರ್ ಈಗ ಮತ್ತೆ ನಾನೇ ನೋಡುತ್ತೇನೆ, ಹುಡುಗ ಪಕ್ಕದಲ್ಲಿ ನಿಂತಿರುತ್ತಾನೆ.