ಎಲ್‌ಎಫ್‌ಯು ಪಟ್ಟಿ ಮೊದಲು ಸೋಸಿ, ಆಮೇಲೆ ಬಸ್ ಹತ್ತಿ

ಎಚ್‌ಐವಿ ಚಿಕಿತ್ಸೆ ಅರ್ಧಕ್ಕೆ ಬಿಟ್ಟುಹೋದವರನ್ನು (ಎಲ್‌ಎಫ್‌ಯು) ಹುಡುಕೋದು ದಂಡ ಅಂತ ಮಂಡ್ಯದಲ್ಲಿ ನಮ್ಮವರೇ ಅಂದಿದ್ದರು. ಈಗ ನಮಗೆ ಸಿಕ್ಕವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮತ್ತೆ ಎಆರ್‌ಟಿ, ಅಂದರೆ ಎಚ್‌ಐವಿ ಹತ್ತಿಕ್ಕೋ ಮಾತ್ರೆ ತಗೊಳ್ತಿದ್ದಾರೆ. ಅಂದವರೇ ಬಂದು ಹೇಗೆ ಮಾಡಿದ್ರಿ ಅಂತ ಕೇಳ್ತಾರೆ.

ಸೋಚ್‌ನಿಂದ (ಎಚ್‌ಐವಿ ರೋಗಿಗಳ ದಾಖಲೆ ಇಡೋ ಸರ್ಕಾರಿ ಸಾಫ್ಟ್‌ವೇರ್) ಇಳಿಸಿದ ಪಟ್ಟಿಯನ್ನು ಹಾಗೇ ಊರೂರಿಗೆ ಹೋಗಿ ಹುಡುಕೋ ಓಆರ್‌ಡಬ್ಲ್ಯೂ (ಔಟ್‌ರೀಚ್ ವರ್ಕರ್) ಕೈಗೆ ಕೊಟ್ಟರೆ ಬಸ್ ಚಾರ್ಜು ಪೂರಾ ನಷ್ಟ. ಮಳವಳ್ಳಿ ಆಚೆ ಒಂದು ಹಳ್ಳಿಗೆ ಹೋಗಿ ಬರೋ ದುಡ್ಡಲ್ಲಿ ತಿಂಗಳ ರೀಚಾರ್ಜ್ ಆಗುತ್ತೆ. ಹೆಚ್ಚುಕಡಿಮೆ ಮೂರರಲ್ಲೊಂದು ಹೆಸರು ಬಿಟ್ಟುಹೋದವರದ್ದೇ ಅಲ್ಲ. ತೀರಿಕೊಂಡವರು, ಮೈಸೂರಿಗೆ ವರ್ಗವಾದವರು, ಬೆಂಗಳೂರಲ್ಲಿ ಹೊಸಬರಂತೆ ಹೆಸರು ಬರೆಸಿದವರು. ಅದಕ್ಕೇ, ಮೊದಲು ಮಾತ್ರೆ ಕೊಡುವ ರಿಜಿಸ್ಟರ್, ಆಮೇಲೆ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋ ಪರೀಕ್ಷೆ) ವರದಿ, ಕೊನೆಗೆ ಟಿಬಿ ಪಟ್ಟಿ ತಾಳೆ ನೋಡಿ. ಮಾತ್ರೆಗೆ ಬರೋದು ತಪ್ಪಿದ ತಾರೀಖಿನ ನಂತರ ರಕ್ತ ಕೊಟ್ಟಿದ್ದರೆ ಆಳು ಇಲ್ಲೇ ಇದ್ದಾರೆ, ಎಂಟ್ರಿ ಬಿಟ್ಟುಹೋಗಿದೆ ಅಷ್ಟೇ.

ಹೆಸರು ನಂಬಬೇಡಿ. ಪುಟ್ಟಸ್ವಾಮಿ ಒಂದು ಕಡೆ ಒಂದೇ ಪದ, ಇನ್ನೊಂದು ಕಡೆ ಎರಡು, ಮತ್ತೊಂದು ಕಡೆ ಇನಿಷಿಯಲ್ ಮುಂದೆ. ವಯಸ್ಸೂ ಅಂದಾಜಿನದು, ನಲವತ್ತು, ನಲವತ್ತೈದು ಅಂತಲೇ ಬರೆದಿರ್ತಾರೆ. ಹೆಸರಿನ ಮೊದಲ ನಾಲ್ಕಕ್ಷರ, ಲಿಂಗ, ತಾಲ್ಲೂಕು, ವಯಸ್ಸಲ್ಲಿ ಮೂರು ವರ್ಷ ಆಚೀಚೆ: ಇಷ್ಟು ಕೂಡಿದರೆ ಫೈಲ್ ತೆಗೆದು ನೋಡಿ. ಇನ್ನೊಂದು ಗುರುತಿದೆ, ಅದನ್ನು ಇಲ್ಲಿ ಬರೆಯಲ್ಲ. ಪಟ್ಟಿ ಸೆಂಟರ್ ದಾಟಬಾರದು, ವಾಟ್ಸಾಪ್‌ಗಂತೂ ಬೇಡವೇ ಬೇಡ. ಎಚ್‌ಐವಿ ಇರೋರ ಗುಟ್ಟು ಕಾಯೋಕೆ 2017ರ ಕಾಯ್ದೆ ಇದೆ.

ಫೋನ್ ಸಂಜೆ ಏಳರ ಮೇಲೆ. ಗಾರ್ಮೆಂಟ್ಸ್‌ನವರು ಹಗಲು ಎತ್ತಲ್ಲ. ಕಾಯಿಲೆ ಹೆಸರು, ಇಲಾಖೆ ಹೆಸರು ಎರಡೂ ಬಾಯಿಗೆ ಬರಬಾರದು. ಬೇರೆಯವರು ಎತ್ತಿದರೆ ‘ಆಮೇಲೆ ಮಾಡ್ತೀನಿ’ ಅಂತ ಇಟ್ಟುಬಿಡಿ. ಎಸ್‌ಎಂಎಸ್ ಕಳಿಸಿ ನೋಡಿದೆವು, ಮಕ್ಕಳು ಓದ್ತಾರೆ, ಕೈಬಿಟ್ಟೆವು. ಬೋರ್ಡಿರೋ ಜೀಪಲ್ಲಿ ಹೋದರೆ ಊರೇ ಬಾಗಿಲಿಗೆ ಬರುತ್ತೆ. ಆ ಮನೆಯವರು ಮತ್ತೆ ಸಿಗಲ್ಲ. ಕೆ.ಆರ್. ಪೇಟೆ ಕಡೆಯಿಂದ ಮುಂಬೈ ಸೇರಿದವರಿಗೆ ಊರ ಹಬ್ಬಕ್ಕೆ ಎರಡು ವಾರ ಮುಂಚೆ ಫೋನ್ ಮಾಡಿ. ಹೇಗೂ ಬರ್ತಾರೆ.

ಬಂದವರನ್ನು ಬೈದರೆ ಮುಗೀತು. ಅವತ್ತೇ ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ಮಾಡಿಸಿ, ಕೆಮ್ಮು, ಜ್ವರ, ತೂಕ ಇಳಿದಿರೋದು, ರಾತ್ರಿ ಬೆವರು ಕೇಳಿ. ಜೋರು ತಲೆನೋವಿದ್ದರೆ ಡಾಕ್ಟರು ನೋಡುವ ತನಕ ಮಾತ್ರೆ ಶುರು ಮಾಡಬೇಡಿ, ಮೆದುಳಿನ ಸೋಂಕಿರಬಹುದು. ವೈರಲ್ ಲೋಡ್‌ಗೆ ಅವತ್ತೇ ರಕ್ತ ಕಳಿಸಿ ಪ್ರಯೋಜನವಿಲ್ಲ. ಮಾತ್ರೆ ಬಿಟ್ಟಿದ್ದರಿಂದ ಏರಿಯೇ ಇರುತ್ತೆ.